ತೊಟ್ಟು

ಬ್ಯಾಡಗಿ ಮಾರ್ಕೆಟ್ಟು ಸೋಮವಾರ, ಗುರುವಾರ.
ಅದಕ್ಕ ನಮ್ಮ ಇಂಗ್ಲಿಷ್ ಕ್ಲಾಸು ಮಂಗಳವಾರ, ಶುಕ್ರವಾರ,
ಕೋಲ್ಡ್ ಸ್ಟೋರೇಜಿನ ಹಿಂದಿನ ಖೋಲಿಯೊಳಗ,
ಏಳು ಅಂದ್ರ ಏಳೂವರಿ.
ಹನ್ನೊಂದು ಮಂದಿ ಹೆಣ್ಮಕ್ಕಳು, ಕಾಲು ಮುರದ ಒಂದು ಬೋರ್ಡು.
ಮೊದಲ ಹತ್ತು ನಿಮಿಷ ಎಲ್ಲಾರೂ ಸೀನೂದು.
ಕಣ್ಣಾಗ ನೀರು ಬಂದ್ರ ಇಲ್ಲಿ
ಯಾಕಂತ ಯಾರೂ ಕೇಳಂಗಿಲ್ಲ.

ಬೋರ್ಡಿನ ಮ್ಯಾಲ ಎರಡು ‘ಇಟ್ಸ್’ ಬರದೆ.
ಒಂದರ ನೆತ್ತಿ ಮ್ಯಾಲ ಸಣ್ಣ ಗೀಟು, ಇನ್ನೊಂದು ಬೋಳು.
‘ಕಿವಿಗೆ ಎರಡೂ ಒಂದ. ಕಣ್ಣಿಗೆ ಬ್ಯಾರೆ’ ಅಂದೆ.
ಹಿಂದ ಕುಂತ ಫಕ್ಕೀರವ್ವ ಅಂದ್ಲು:
‘ಅದು ತೊಟ್ಟು, ಟೀಚರ್.’

ಎಂಟು ವರ್ಷ ವ್ಯಾಕರಣ ಓದಿದಾಕಿ ನಾ,
ಇದು ಹೊಳದಿದ್ದಿಲ್ಲ.

ಮರುವಾರ ಆಕಿ ನೋಟಬುಕ್ ತಿರುವಿದ್ರ
‘ಇಟ್ಸ್’ ಬೋಳು, ‘ಡೋಂಟ್’ ಬೋಳು, ‘ಕಾಂಟ್’ ಬೋಳು.
ಒಂದೂ ತೊಟ್ಟು ಉಳಿಸಿಲ್ಲ.
‘ಕೈ ಸುಮ್ನಿರಂಗಿಲ್ರಿ. ಕಿಲೋಕ್ಕ ಇಷ್ಟು ಅಂತ
ಹದಿನಾಕು ವರ್ಷ ಅದನ್ನ ತಗಕೋತ ಬಂದೈತಿ.’

ನಾ ಕೆಂಪು ಪೆನ್ನು ತಗದೆ.
ಈ ಊರಾಗ ನನ್ನ ಪೆನ್ನಿಂದ್ಯಾವ ದೊಡ್ಡ ಕೆಂಪು?
ಆಕಿ ಉಡಿಯೊಳಗಿಂದ ಎರಡು ಕಾಯಿ ತಗದು
ನನ್ನ ಅಂಗೈ ಮ್ಯಾಲ ಇಟ್ಲು:
‘ಒಂದು ಈ ವರ್ಷದ್ದು, ಒಂದು ಹ್ವಾದ ವರ್ಷ ಎ.ಸಿ.ಗೆ ಹಾಕಿದ್ದು.
ಯಾವುದು ಯಾವುದು, ಹೇಳ್ರಿ.’
ಮೂಸಿದೆ, ಹಿಚುಕಿದೆ, ಹೇಳಿದೆ.
‘ಸೊನ್ನಿ’ ಅಂದ್ಲು. ಖೋಲಿ ತುಂಬ ನಗಿ,
ನಗಿಯೊಳಗ ಮತ್ತ ಸೀನು.

ಆಮ್ಯಾಲ ‘ವೇಟ್’ ಬಂತು.
ಕಾಯೂದು ಒಂದು ವೇಟ್, ತೂಕದ್ದು ಒಂದು ವೇಟ್.
ತೂಕದ್ದರ ಹೊಟ್ಟಿಯೊಳಗ ಎರಡು ಅಕ್ಷರ
ಸುಮ್ಮನ ಕುಂತಿರ್ತಾವು, ದನಿ ತಗಿಯಂಗಿಲ್ಲ.
‘ಮಾತಾಡದವನ್ನ ಯಾಕ ಬರೀಬೇಕ್ರಿ?’ ಚಮನಬೀ ಕೇಳಿದ್ಲು.
ನಾ ಉತ್ತರ ಹುಡುಕೂದ್ರಾಗ ಫಕ್ಕೀರವ್ವ:
‘ಚೀಲದ ತೂಕ ಇದ್ದಂಗಲೇ ಅದು.
ಕಾಣಂಗಿಲ್ಲ, ಖರೆ ಹಿಡೀತಾರ.’

ಹೇಳಿದಾಕಿ ಹಂಗ ಸುಮ್ಮನಾದ್ಲು.
ಸೆರಗಿನ ಗಂಟು ಬಿಚ್ಚಿ ಚೀಟಿ ತಗದ್ಲು,
ಬಲ್ಬಿನ ಕೆಳಗ ಹಿಡದು
ಒಂದೊಂದ ಅಕ್ಷರ ಕೂಡಿಸಿ ಓದಿದ್ಲು.
ನೆಟ್. ವೇಟ್.
ಬುಟ್ಟಿ ಅಂತ ದಿನಾ ಎರಡು ಕಿಲೋ ಮುರದಿತ್ತು.
ಬುಟ್ಟಿ ಇದ್ದದ್ದು ಮುಕ್ಕಾಲು ಕಿಲೋ.

ಶುಕ್ರವಾರದ ಹೋಮ್‌ವರ್ಕಿನ್ಯಾಗ ಒಂದ ಸಾಲು:
‘ಐ ಹರ್ಡ್ ಮುನೀಮ್.’
‘ಮುನೀಮ ಏನಂದ?’ ಅಂದೆ.
‘ಅಂವೇನ್ ಅಂತಾನ್ರಿ? ನಾ ಕೇಳ್ದೆ ಅಂತ ಬರದೇನಿ.’

ನಾ ತಿದ್ದಿದೆ: ಕೇಳೂದು ಅವರಲ್ಲಿ ಎರಡೈತಿ.
ಬಾಯಿಂದ ಕೇಳೂದು ಬ್ಯಾರೆ, ಕಿವಿಯಿಂದ ಕೇಳೂದು ಬ್ಯಾರೆ.
ಒಂದಕ್ಕ ‘ಆಸ್ಕ್’, ಒಂದಕ್ಕ ‘ಹಿಯರ್’.

ಪೆನ್ಸಿಲ್ ಕಚಗೋತ ಭಾಳೊತ್ತು ಕುಂತ್ಲು.
‘ಹಂಗಾದ್ರ ನಾ ಬಾಯಿಂದ ಕೇಳೇನಿ.
ಅಂವ ಕಿವಿಯಿಂದ ಕೇಳಿಲ್ಲ.
ನಮ್ಮಲ್ಲಿ ಎರಡಕ್ಕೂ ಒಂದ ಮಾತಲ್ರಿ,
ಕೇಳೇನಿ, ಆತು, ಕೇಳಿದಂಗಾತು ಅಂತ
ಯುಗಾದಿಯಿಂದ ಸುಮ್ನ ಇದ್ದೆ.’

ಖೋಲಿಯೊಳಗ ಆಗ ಯಾರೂ ಸೀನಲಿಲ್ಲ.

ಸೋಮವಾರ ಮುನೀಮನ ಟೇಬಲ್ಲಿನ ಮ್ಯಾಲ
ಹನ್ನೊಂದು ಚೀಟಿ ಇದ್ದುವಂತ, ಎಲ್ಲಾ ಬೋರಲು.
ಅಂವ ಏನು ಮಾಡಿದ ನನಗ ಗೊತ್ತಿಲ್ಲ.
ಬರಿಯೂಕಿಂತ ಮೊದಲ ನನಗ ತೋರಿಸಿದ ಸಾಲು ಮಾತ್ರ ಗೊತ್ತು:
‘ಐ ಆಸ್ಕ್. ಯು ಡಿಡಂಟ್ ಹಿಯರ್.’

‘ಡಿಡಂಟ್’ನ ತೊಟ್ಟು ಮುಟ್ಟಿಲ್ಲ.
ಒತ್ತಿ ಬರದದ್ದಕ್ಕ ಅಲ್ಲಿ ಕಾಗದ ತೂತು ಬಿದ್ದಿತ್ತು.
‘ಆಸ್ಕ್’ಗೆ ಭೂತಕಾಲದ ಬಾಲ ಇಲ್ಲ, ಅದು ತಪ್ಪ.
ಪೆನ್ನಿನ ಟೊಪ್ಪಿಗಿ ತಗದಿದ್ದೆ.
ಇರಲಿ, ಗುರುವಾರನೂ ಕೇಳಾಕಿ ಅಲ್ಲೇನು ಅಂತ
ಮತ್ತ ಮುಚ್ಚಿದೆ.