ಕರಡು ಪ್ರತಿ

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು, ಬೇವಿನ ಕೆಳಗೆ
ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ.
ಕ್ರಯ, ದಾನ, ಭೋಗ್ಯ, ವಿಭಾಗ:
ದುರ್ಗದ ಅರ್ಧ ನೆಲ ನನ್ನ ಬೆರಳ ತುದಿಯಲ್ಲಿ ಹಾದುಹೋಗಿದೆ,
ಒಂದು ಗೇಣೂ ಅಂಟಿಕೊಂಡಿಲ್ಲ.

ತುಳಜಾಬಾಯಿ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ಲಕ್ಷ್ಮೀ ಬಜಾರಿನಲ್ಲಿ ರವಿಕೆ ಹೊಲಿಯುವಾಕೆ;
ನನ್ನ ಹೆಂಡತಿಯ ಅಳತೆ ಆಕೆಗೆ ಬಾಯಿಪಾಠ.
ಚೀಲದಿಂದ ಖಾತೆ, ಕಂದಾಯದ ರಸೀತಿ
ಒಂದೊಂದಾಗಿ ತೆಗೆದು, ಮಡಿಕೆ ಸವರಿ, ಹೇಳಿದಳು:
"ಉಯಿಲು ಬರೀರಿ. ಮಳಿಗೆ ಕರಡಿಗೆ."

"ಕರಡೇ ಮೊದಲು ಬರೆಯೋದು ಬಾಯಿ,
ಆಮೇಲೆ ಶುದ್ಧ ಪ್ರತಿ."
"ಕರಡಲ್ಲ ಸ್ವಾಮಿ, ಕರಡಿ.
ಝೂನಲ್ಲಿದೆಯಲ್ಲ, ಗುಡ್ಡದ ಬುಡದಲ್ಲಿ, ಒಂಟಿಕಣ್ಣಿಂದು."

ನಕ್ಕೆ. ಟೀ ಅಂಗಡಿಯ ಗಾದ್ರಿಯೂ ನಕ್ಕ.
ಅವಳು ಕಾದಳು,
ನೂಲು ಸೂಜಿಗೆ ಸಿಗುವ ತನಕ ಕಾಯುವ ಹಾಗೆ.

ಕಾನೂನು ಹೇಳಿದೆ: ಕರಡಿ ಸ್ವತ್ತು ಹೊಂದುವಂತಿಲ್ಲ,
ಅದಕ್ಕೆ ಹೆಬ್ಬೆಟ್ಟಿದೆ, ಆಧಾರ್ ಇಲ್ಲ.
ಮೃಗಾಲಯದ ಹೆಸರಿಗೆ ಬರೆಯೋಣ,
ಬಾಡಿಗೆ ಅಲ್ಲಿಗೆ ಸೇರಲಿ.
"ಹಂಗೇ ಬರೀರಿ. ಆದರೆ ಅದಕ್ಕೆ ಮುಟ್ಟಬೇಕು.
ಬೇಸಿಗೆಗೆ ಕಲ್ಲಂಗಡಿ, ತೊಟ್ಟಿಗೆ ನೀರು,
ಕಣ್ಣಿಗೆ ಡಾಕ್ಟರು. ಬೋರ್ಡಿನಲ್ಲಿ ನನ್ನ ಹೆಸರು ಬೇಡ;
ಅದೇನು ಓದುತ್ತದಾ?"

ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯ ಪ್ರೇರಣೆಯೂ ಇಲ್ಲದೆ,
ಸ್ವಯಾರ್ಜಿತ... ಇಲ್ಲಿ ಅವಳು ನಿಲ್ಲಿಸಿ ಅರ್ಥ ಕೇಳಿದಳು.
"ನೀವೇ ದುಡಿದದ್ದು" ಎಂದೆ.
"ಹೂಂ. ಅದನ್ನ ಸ್ವಲ್ಪ ದಪ್ಪಕ್ಕೆ ಬರೀರಿ."

ಚೆಕ್ಕುಬಂದಿ: ಪೂರ್ವಕ್ಕೆ ರಸ್ತೆ,
ಪಶ್ಚಿಮಕ್ಕೆ ಪಾತ್ರೆ ಅಂಗಡಿಯ ಹಿಂಗೋಡೆ,
ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ
"ಮೂರು ಮೆಟ್ಟಿಲು. ಅದು ಅಲ್ಲೇ ಕೂತಿತ್ತು."

ಏಳು ವರ್ಷದ ಹಿಂದೆ, ಬೆಳಗಿನ ಆರಕ್ಕೆ,
ಜೋಗಿಮಟ್ಟಿ ಕಡೆಯಿಂದ ದಾರಿ ತಪ್ಪಿ ಬಂದದ್ದು.
ಬಜಾರ್ ತುಂಬ ಜನ, ಕೋಲು, ಶಿಳ್ಳೆ, ಮೊಬೈಲು.
ದೀಪಾವಳಿ ಗಿರಾಕಿಗೆ ರಾತ್ರಿಯಿಡೀ ಹೊಲಿದವಳು
ಷಟರಿನ ಒಳಗೆ; ಹೊರಗೆ ಅದು; ನಡುವೆ ಒಂದು ತಗಡು.
"ತಗಡಿಗೆ ಒರಗಿ ಉಸಿರಾಡ್ತಿತ್ತು ಸ್ವಾಮಿ. ನಾನೂ.
ಒಮ್ಮೆ ತಿರುಗಿತು. ಸಂದಿಯಲ್ಲಿ ಕಂಡೆ, ಎದೆ ಮೇಲೆ ಬಿಳೀ ವಿ.
ನಲವತ್ತೊಂದು ವರ್ಷ ಕತ್ತರಿ ಹಿಡಿದಿದೀನಿ,
ಅಷ್ಟು ನೀಟು ಕುತ್ತಿಗೆ ನನ್ನ ಕೈಲಿ ಬಂದಿಲ್ಲ."

ಕಲ್ಲು ಯಾರು ಎಸೆದರೆಂದು ಅವಳು ಹೇಳಲಿಲ್ಲ.
ಉಯಿಲಿನಲ್ಲಿ ಅದಕ್ಕೆ ಕಲಮು ಇಲ್ಲ.

ನಾನು ಎದುರಿನ ಮಾಳಿಗೆ ಮೇಲಿದ್ದೆ.
ಎರಡು ನಿಮಿಷ ನಲವತ್ತು ಸೆಕೆಂಡು.
ಈಗಲೂ ಇದೆ ಹಳೆ ಫೋನಿನಲ್ಲಿ;
ಚಾರ್ಜಿಗೆ ಹಾಕುವುದಿಲ್ಲ.

"ನನಗಿಂತ ಮುಂಚೆ ಅದೇ ಹೋದರೆ?"
ನಂತರ ಬರುವ ಪ್ರಾಣಿಗೆ, ಎಂದು ಸೇರಿಸಿದೆ.
ಚಿರತೆಯಾದರೆ? "ಆಗಲಿ, ಅದಕ್ಕೂ ಹೊಟ್ಟೆ."
ಮೆಷಿನ್ ಮಾತ್ರ ಅಣ್ಣನ ಮಗ ಪಾಂಡುರಂಗನಿಗೆ,
ವಾರಕ್ಕೊಮ್ಮೆ ಎಣ್ಣೆ ಬಿಡುವ ಷರತ್ತಿನ ಮೇಲೆ.

ಸಾಕ್ಷಿಗಳು ಇಬ್ಬರು ಬೇಕು.
ಗಾದ್ರಿ ಕೈ ಒರೆಸಿಕೊಂಡು ರುಜು ಹಾಕಿದ.
ಇನ್ನೊಬ್ಬ ಸಿಗಲಿಲ್ಲ, ಊಟದ ಹೊತ್ತು.
ಪೆನ್ನು ತುಸು ಹೊತ್ತು ನಿಂತಿತು
ಸಾಕ್ಷಿ ಎಂಬ ಪದದ ಎದುರು,
ಆಮೇಲೆ ನನ್ನ ಹೆಸರು ಬರೆಯಿತು.

ಫೀಸು ಐನೂರು. ನೂರು ವಾಪಸು ಕೊಟ್ಟೆ.
ಎಣಿಸಿ, ತಿರುಗಿ ಮೇಜಿನ ಮೇಲಿಟ್ಟಳು.
"ಕೂಲಿ ಕಡಿಮೆ ಮಾಡಬಾರದು ಸ್ವಾಮಿ.
ಹೊಲಿಗೆ ಬಿಚ್ಚಿಕೊಳ್ಳುತ್ತೆ."