ಅರಗಿನ ಮುಚ್ಚಳ

ಮೂವತ್ತು ವರ್ಷ ನಮ್ಮ ಮನೆಯ ಉಪ್ಪಿನ ಗಡಿಗೆಗೆ
ಮುಚ್ಚಳವಾಗಿತ್ತು ಅದು.
ನಡುವಿನ ತೂತಿಗೆ ಅವ್ವ
ಬಟ್ಟೆಯ ಬಿರಡೆ ತುರುಕಿದ್ದಳು.
ಒರೆಸಿದರೆ ಕೆಂಪು ಕಾಗದ, ಮಾಸಿದ ಚಿನ್ನದಕ್ಷರ:
ಮಿಸ್ ಪಂಪಾ, ದಾವಣಗೆರೆ.

ಮಿಸ್ಸೂ ಅಲ್ಲ, ಪಂಪಾನೂ ಅಲ್ಲ.
ಮಂಡಕ್ಕಿ ಭಟ್ಟಿಯ ಹಿಂದಿನ ಓಣಿಯ ಹಂಪವ್ವ.
ಹಗಲು ಹತ್ತಿ ಜಿನ್ನಿನಲ್ಲಿ ಮೂರಾಣೆ,
ರಾತ್ರಿ ಕಂಪನಿಯ ಡೇರೆಯಲ್ಲಿ
ಸೀರೆಯುಟ್ಟ ಗಂಡಸು ಬಾಯಾಡಿಸಿದರೆ
ಪರದೆಯ ಹಿಂದೆ ಅವನ ಕೊರಳು.
ಹತ್ತಿಯ ಎಳೆ ಗಂಟಲಿಗಿಳಿದು
ದನಿಯೊಳಗೊಂದು ಮುಳ್ಳು ಉಳಿದಿತ್ತು.
ಜನ ದುಡ್ಡು ಕೊಟ್ಟು ಕೇಳಿದ್ದು ಅದನ್ನೇ.

ಪ್ಲೇಗು ಹೋದ ಮರುವರ್ಷ ಬೆಂಗಳೂರಿಗೆ ಕರೆಸಿದರು.
ಸುತ್ತ ಕಂಬಳಿ ಹೊದಿಸಿದ ಕೋಣೆ,
ಗೋಡೆಯಿಂದ ಚಾಚಿದ ತಗಡಿನ ಕೊಳವೆ,
ಅದರಾಚೆ ಬೆಚ್ಚನೆಯ ಮೇಣ.
ತಾರಕಕ್ಕೇರಿದಾಗಲೆಲ್ಲ ಒಬ್ಬ ದೊರೆ
ಭುಜ ಹಿಡಿದು ಹಿಂದಕ್ಕೆಳೆಯುತ್ತಿದ್ದ,
ಕೆಳಗಿಳಿದರೆ ಮುಂದಕ್ಕೆ ದೂಡುತ್ತಿದ್ದ.
‘ಬಾವಿ ಹಗ್ಗ ಆಗಿದ್ದೆ ನೋಡ್ರಿ’ ಅಂದಳಂತೆ.

ಮೊದಲ ಮಗ್ಗುಲು ಕಂಪನಿಯ ಹಾಡು,
ಮಾಮೂಲು: ವಿರಹ, ಚಂದ್ರ, ಕೋಗಿಲೆ.
ಎರಡನೆಯದರ ಹೊತ್ತಿಗೆ ಪೇಟಿ ಮಾಸ್ತರನಿಗೆ ಜ್ವರ.
ಮೇಣ ಆರುತ್ತೆ, ಏನಾದರೂ ಹಾಡು ಅಂದರು.
ತೊಡೆ ತಟ್ಟಿಕೊಂಡು ಹಾಡಿದಳು:
‘ಅರಳೆ ಬಿಡಿಸೀ ಬಿಡಿಸೀ ಬೆರಳ ಬೀಜಾದಾವ...’

ಗಂಡನ ಸುದ್ದಿ ಇಲ್ಲ ಅದರಲ್ಲಿ, ದೇವರದೂ ಇಲ್ಲ.
ಮುಕಾದಮ ಎಣಿಸುವಾಗ ಸದಾ ತಪ್ಪುವ ಲೆಕ್ಕ ಇದೆ,
ತೂಕದ ಕಲ್ಲಿಗೆ ಶಾಪ ಇದೆ.
ಮೂರನೆಯ ನುಡಿ ಸವೆದಿದೆ.
ಅವ್ವನಿಗೆ ಅಲ್ಲಿ ‘ಮಗ’ ಎಂದು ಕೇಳಿಸುತ್ತದೆ,
ನನಗೆ ‘ಮಗ್ಗ’.

ಕೈಗೆ ಬಂದದ್ದು ಇಪ್ಪತ್ತೈದು ರೂಪಾಯಿ, ಊರಿಗೆ ತಿಕೀಟು.
ತಟ್ಟೆ ಕೊಡಲಿಲ್ಲ. ಯಂತ್ರದ ಮಾತೇ ಇಲ್ಲ.

ಮಂಡಿಪೇಟೆಯ ಹೋಟೆಲಿಗೆ ಅದು ಬಂದಾಗ
ನಮ್ಮಜ್ಜ ಅಲ್ಲಿ ಕೀಲಿ ತಿರುಗಿಸುವ ಹುಡುಗ.
ಹೆಂಗಸರು ಒಳಗೆ ಬರುವ ಹಾಗಿರಲಿಲ್ಲ.
ಚರಂಡಿಯ ಆಚೆ, ತಲೆಯಲ್ಲಿ ಹತ್ತಿಯ ಜುಂಗು,
ನಿಂತು ಕೇಳಿದಳು ತನ್ನನ್ನೇ,
ಮಂದಿ ಮನೆಯ ಜಗಳ ಕೇಳುವವರ ಹಾಗೆ
ಸೆರಗು ಬಾಯಿಗಿಟ್ಟು.
ಅಜ್ಜ ಕೊಳವೆಯನ್ನು ಕಿಟಕಿಗೆ ತಿರುಗಿಸಿದ.
ಸಾಹುಕಾರ ಕಪಾಳಕ್ಕೆ ಒಂದು ಬಿಟ್ಟ.
ಹೋಟೆಲು ಮುಳುಗಿದಾಗ ಸಂಬಳದ ಬಾಕಿಗೆಂದು
ಇದೊಂದನ್ನೇ ಕೇಳಿ ತಂದ.
ಸಾಯುವ ತನಕ ಆ ಕೆನ್ನೆ ಸವರಿಕೊಳ್ಳುತ್ತಿದ್ದ, ನಗುತ್ತ.

ಕಳೆದ ಭಾನುವಾರ ಗಡಿಯಾರ ಕಂಬದ ಹತ್ತಿರ
ರೇಡಿಯೋ ರಿಪೇರಿಯ ಬುಡೇನ್ ಸಾಬ್
ಉಪ್ಪು ತೊಳೆದು ಮುಳ್ಳು ಇಟ್ಟ.
ಮೊದಲು ಮಂಡಕ್ಕಿ ಹುರಿಯುವ ಸದ್ದು,
ಆಮೇಲೆ ಆಕೆ.
ಹಾಡು ನಿಂತ ಮೇಲೂ ಎರಡು ಸುತ್ತು ಉಳಿದಿತ್ತು.
ಅಲ್ಲಿ, ಯಾರೂ ಅಳಿಸದೆ ಬಿಟ್ಟ ಮಾತು:
‘ಮುಗೀತೇನ್ರಿ?’

ಏನಾದರೂ ಅನ್ನುವಷ್ಟರಲ್ಲಿ
ಮುಳ್ಳು ಕೆಂಪು ಕಾಗದಕ್ಕೆ ಬಡಿಯಿತು.
‘ಇನ್ನೊಮ್ಮೆ ಹಾಕ್ಲಾ?’ ಅಂದ ಬುಡೇನ್ ಸಾಬ್.
ಮನೆಯಲ್ಲಿ ಉಪ್ಪಿನ ಗಡಿಗೆ
ಬಾಯಿ ತೆರೆದು ಕೂತಿತ್ತು.