ಪಾಳ್ಯದಿಂದ ಬಾಳ್ಳುಪೇಟೆಗೆ

ಉಪ್ಪು ತರಲು ಘಟ್ಟ ಇಳಿದವನು ಮತ್ತೆ ಹತ್ತಲೇ ಇಲ್ಲ
ಎಂದು ಅಜ್ಜಿ ಹೇಳಿದ್ದಳು. ಅವಳಿಗೆ ಅವಳತ್ತೆ.
ನಾಲ್ಕು ತಲೆಮಾರು
ಆ ಉಪ್ಪಿಗೇ ಕಾದೆವು ಅನ್ನಿ.

ವಾರದ ರಜೆ. ಹಾಸನದ ರೆಕಾರ್ಡು ಕೋಣೆ.
ಜಬೀನ ಮೇಡಂ ಮೂಗಿಗೆ ದುಪಟ್ಟಾ ಸುತ್ತಿ
ಜೈಲಿನ ದಫ್ತರ ಬಿಚ್ಚಿದರು.
ಹುಳ ಕೊರೆದ ಓಣಿಗಳ ನಡುವೆ ಬಾಗಿದ ಇಂಗ್ಲಿಷು;
ಅವರು ಓದುವುದು, ನಾನು
ಹಳೇ ವೇಬಿಲ್ಲಿನ ಬೆನ್ನಿಗೆ ಬರೆದುಕೊಳ್ಳುವುದು.

ನಂಬರು ಇನ್ನೂರ ಹದಿನೇಳು. ಹಲಗ ಬಿನ್ ದ್ಯಾವ.
ಹಲಗನೋ ಹುಲುಗನೋ,
ಸಾಹೇಬನ ಕಿವಿಗೆ ಬಿದ್ದಷ್ಟು.
ಐದಡಿ ಎರಡಂಗುಲ. ಎಡಹುಬ್ಬಿನ ಮೇಲೆ ಗಾಯದ ಕಲೆ.
ಅಪರಾಧ: ತೋಟದ ಕಾಫಿ ಹಣ್ಣು, ಮೂರು ಸೇರು.
ಶಿಕ್ಷೆ: ಒಂದೂವರೆ ವರ್ಷ, ಕಠಿಣ.
ಹಚ್ಚಿದ ಕೆಲಸ: ಜಲ್ಲಿ ಒಡೆಯುವುದು,
ಮಂಜರಾಬಾದಿನ ರಸ್ತೆ,
ಹದಿನಾಲ್ಕನೇ ಮೈಲಿಯಿಂದ ಹತ್ತೊಂಬತ್ತಕ್ಕೆ.

ಮೈಲಿಯನ್ನು ಕಿಲೋಮೀಟರು ಮಾಡುವುದು
ಕಂಡಕ್ಟರನಿಗೆ ಬೆರಳ ತುದಿಯ ಲೆಕ್ಕ.
ಪಾಳ್ಯ. ಬಾಳ್ಳುಪೇಟೆ.
ಇಪ್ಪತ್ತೆರಡು ವರ್ಷ ಅಲ್ಲಿ ನಿಂತೇ ಓಡಾಡಿದ್ದೇನೆ,
ಒಂದು ಕೈ ಸರಳಿಗೆ, ಒಂದು ಕೈ ಚಿಲ್ಲರೆಗೆ.

ಬಂದಾಗ ತೂಕ ತೊಂಬತ್ತಾರು ಪೌಂಡು.
ಬಿಟ್ಟಾಗ ನೂರಾ ಐದು.
ಜಲ್ಲಿ ಒಡೆದೂ ಮೈಕೈ ತುಂಬಿಕೊಂಡನಲ್ಲ!
ನಗು ಬಂತು. ಆಮೇಲೆ ಬರಲಿಲ್ಲ.
ಹಾಗಾದರೆ ಮನೆಯಲ್ಲಿ ಏನು ಉಣ್ಣುತ್ತಿದ್ದ?

ಕೊನೆಯ ಕಾಲಮ್ಮಿಗೆ ಮೇಡಂ ದನಿ ತಗ್ಗಿತು:
ಊರಿಗೆ ಹೋಗಲು ಎರಡಾಣೆ ಕೊಡಲಾಗಿದೆ.
ಪಕ್ಕದಲ್ಲಿ ಅವನ ಗುರುತು, ಅಡ್ಡಕ್ಕೊಂದು ಗೀಟು.

ಅಂದರೆ ಸತ್ತಿರಲಿಲ್ಲ. ಬಿಟ್ಟಿದ್ದರು. ದುಡ್ಡೂ ಇತ್ತು.
ಎರಡಾಣೆಗೆ, ಮನೆಯೊಂದನ್ನು ಬಿಟ್ಟು,
ಎಲ್ಲೆಲ್ಲಿಗೆ ಹೋಗಬಹುದಿತ್ತು ಎಂದು
ರಾತ್ರಿಯೆಲ್ಲ ಕೂಡಿದೆ, ಕಳೆದೆ. ತಾಳೆಯಾಗಲಿಲ್ಲ.
ಅಜ್ಜಿಯ ಅತ್ತೆಗೆ ಗೊತ್ತಿತ್ತೇನೋ.
ಕಳ್ಳ ಅನ್ನುವುದಕ್ಕಿಂತ
ಉಪ್ಪು ಅನ್ನುವುದು ಬಾಯಿಗೆ ಹಗುರ.

ಮರುದಿನ ಮೊದಲ ಟ್ರಿಪ್ಪು. ಪಾಳ್ಯ ದಾಟುವಾಗ
ಜೇಬಿನ ದುಡ್ಡು ಚೀಲಕ್ಕೆ ಹಾಕಿ
ಮಿಷನ್ನಿನಿಂದ ಒಂದು ಟಿಕೆಟ್ಟು ಎಳೆದೆ.
ಬಾಳ್ಳುಪೇಟೆಗೆ ಮುಂಚೆ ಚೆಕಿಂಗಿನವರು ಹತ್ತಿದರು,
ತಲೆ ಎಣಿಸಿದರು, ಟಿಕೆಟ್ಟು ಎಣಿಸಿದರು.

"ಒಬ್ಬ ಕಡಿಮೆ ಇದ್ದಾನಲ್ರೀ?"
ಹೌದು ಸಾರ್, ಅಂದೆ.
"ಟಿಕೆಟ್ಟು ಜಾಸ್ತಿಯಿದ್ರೆ ನಮಗೇನೂ ತೊಂದ್ರೆಯಿಲ್ಲ"
ಎಂದು ಷರಾ ಬರೆದು,
ಸಹಿಯೆಂದು ಅಡ್ಡಕ್ಕೊಂದು ಗೀಟೆಳೆದು
ಇಳಿದುಹೋದರು.